ವಯಸ್ಸಾದ ಬೆಕ್ಕು ಅತಿಯಾಗಿ ನೀರು ಕುಡಿಯುತ್ತಿದ್ದರೆ

13 ವರ್ಷದ ಬೆಕ್ಕು ಬಟ್ಟಲುಗಟ್ಟಲೆ ನೀರು ಕುಡಿದು ಪದೇ ಪದೇ ಮೂತ್ರ ಮಾಡುತ್ತಿದೆ, ಬರೀ ಸೆಖೆಯೇ ಎಂದು ಕೇಳಿದ್ದೀರಿ. ಸೆಖೆ ಎಂದು ಸುಮ್ಮನಿರಬೇಡಿ, ಈ ವಾರವೇ ಪಶುವೈದ್ಯರಿಗೆ ತೋರಿಸಿ. ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ಮೂತ್ರಪಿಂಡದ ಕಾಯಿಲೆ, ಮಧುಮೇಹ ಅಥವಾ ಥೈರಾಯ್ಡ್ ಹೆಚ್ಚಳ ಇದಕ್ಕೆ ಕಾರಣ. ಸೋತ ಮೂತ್ರಪಿಂಡ ನೀರನ್ನು ಹಿಡಿದಿಡಲಾರದು. ಮೂತ್ರ ತೆಳುವಾಗಿ ಹರಿದುಹೋಗುತ್ತದೆ, ಅದನ್ನು ತುಂಬಿಕೊಳ್ಳಲೆಂದೇ ಬಾಯಾರಿಕೆ. ಹಾಗಾಗಿ ನೀರಿನ ಬಟ್ಟಲನ್ನು ಮಾತ್ರ ಎಂದಿಗೂ ಎತ್ತಿಡಬೇಡಿ, ಅದು ಪ್ರಾಣಕ್ಕೇ ಕುತ್ತು.

ಅಳೆದು ನೀರಿಟ್ಟು, 24 ಗಂಟೆಯ ನಂತರ ಉಳಿದದ್ದನ್ನು ಇಟ್ಟ ಅಳತೆಯಿಂದ ಕಳೆಯಿರಿ, ಅದೇ ಕುಡಿದ ನೀರು: ದೇಹತೂಕದ ಪ್ರತಿ ಕಿಲೋಗೆ 100 ಮಿ.ಲೀ. ದಾಟಿದರೆ ಖಂಡಿತ ಅತಿಯೇ. ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುತ್ತದೆ), ಸಕ್ಕರೆ, ಟಿ4 (ಥೈರಾಯ್ಡ್ ಹಾರ್ಮೋನು), ಜೊತೆಗೆ ಮೂತ್ರ ಪರೀಕ್ಷೆ ಮಾಡಿಸಿ. ಗಾಬರಿಯಾದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ತಾನಾಗಿ ಏರುತ್ತದೆ. ಒಂದೇ ಅಂಕಿ ನೋಡಿ ಮಧುಮೇಹವೆಂದು ತೀರ್ಮಾನಿಸುವುದು ಸರಿಯಲ್ಲ. ಊಟ ಬಿಟ್ಟು ವಾಂತಿ ಮಾಡತೊಡಗಿದರೆ, ತಿಣುಕಿದರೂ ಮೂತ್ರ ಬಾರದಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.