ನಾಲ್ಕನೇ ಬೋರು, ಕಟ್ಟದ ವಿಮೆ

ಚಳ್ಳಕೆರೆ ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ನನ್ನ ತಮ್ಮ ಮೂರು ಬೋರ್ ಕೊರೆಸಿದ, ಮೂರೂ ಫೇಲ್. ಈಗ ಸಾಲ ಮಾಡಿ ನಾಲ್ಕನೇದಕ್ಕೆ ಪಾಯಿಂಟ್ ಮಾಡಿಸಿದ್ದಾನೆ. ಶೇಂಗಾಕ್ಕೆ ವಿಮೆ ಕಟ್ಟೋ ಅಂದರೆ ಮಾತ್ರ ದುಡ್ಡು ದಂಡ ಅನ್ನುತ್ತಾನೆ. ಇದು ಧೈರ್ಯವೋ, ದಡ್ಡತನವೋ?’

ಸಂಪಾದಕರ ಉತ್ತರ:

ಎರಡೂ ಅಲ್ಲ ಮೇಷ್ಟ್ರೇ. ಅವರ ಜಾಗದಲ್ಲಿ ಯಾರಿದ್ದರೂ ಹೆಚ್ಚುಕಡಿಮೆ ಹೀಗೇ ಮಾಡುತ್ತಾರೆ.

ಡೇನಿಯಲ್ ಕಾಹ್ನೆಮನ್, ಏಮೋಸ್ ಟ್ವೆರ್ಸ್ಕಿ ಅನ್ನುವ ಮನಶ್ಶಾಸ್ತ್ರಜ್ಞರು 1979ರಲ್ಲಿ ಒಂದು ಲೇಖನ ಪ್ರಕಟಿಸಿದರು. ಸಾವಿರಕ್ಕೊಂದು ಸಲ 5000 ಸಿಗುವ ಅವಕಾಶ ಬೇಕೋ, ಈಗಲೇ ಖಂಡಿತವಾಗಿ 5 ಬೇಕೋ ಅಂತ ಕೇಳಿದಾಗ ನೂರಕ್ಕೆ 72 ಜನ ಅವಕಾಶವೇ ಬೇಕೆಂದರು. ಸಾವಿರಕ್ಕೊಂದು ಸಲ 5000 ಕಳೆದುಕೊಳ್ಳುವ ಭಯವೋ, ಈಗಲೇ 5 ಕೊಟ್ಟು ನಿಶ್ಚಿಂತೆಯೋ ಅಂದಾಗ 83 ಜನ ಸುಮ್ನೆ 5 ಕೊಡಲು ಒಪ್ಪಿದರು. ಲಾಟರಿಯೂ ಬೇಕು, ವಿಮೆಯೂ ಬೇಕು! 1992ರಲ್ಲಿ ಅವರೇ ಮತ್ತೆ ಅಳೆದರು. ಗೆಲ್ಲುವ ಸಾಧ್ಯತೆ ನೂರಕ್ಕೆ 1 ಇದ್ದರೆ ಮನಸ್ಸು ಅದನ್ನು ಸುಮಾರು 5.5 ಇದ್ದ ಹಾಗೆ ತೂಗುತ್ತದೆ. 99 ಇದ್ದರೆ 91ರಷ್ಟೇ.

ಹಾಗಾದರೆ ನಮ್ಮ ತಮ್ಮ ವಿಮೆ ಯಾಕೆ ಕಟ್ಟಲ್ಲ ಅಂತೀರಿ. ನ್ಯಾಯವೇ. ಆ ಪ್ರಯೋಗದಲ್ಲಿ ಸಾಧ್ಯತೆಯನ್ನು ಕಾಗದದ ಮೇಲೆ ಬರೆದು ಕೊಟ್ಟಿದ್ದರು, ಹೊಲದಲ್ಲಿ ಯಾರು ಬರೆದು ಕೊಡುತ್ತಾರೆ? ಜನ ತಾವೇ ಮಾಡಿ ನೋಡಿ ಕಲಿತಾಗ ಅಪರೂಪದ ಸಂಗತಿಯನ್ನು ಇರುವುದಕ್ಕಿಂತ ಕಡಿಮೆ ತೂಗುತ್ತಾರೆ ಎಂದು ರಾಲ್ಫ್ ಹರ್ಟ್‌ವಿಗ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ನೋಡುವುದೇ ನಾಲ್ಕಾರು ಸಲ, ಅದರಲ್ಲೂ ಇತ್ತೀಚಿನದ್ದೇ ನೆನಪಿನಲ್ಲಿ ಜಾಸ್ತಿ. ಚಿತ್ರದುರ್ಗದ ಸೀಮೆಗೆ ಬರ ಅಪರೂಪವೇನೂ ಅಲ್ಲ, ಆದರೂ ಎರಡು ಮುಂಗಾರು ಚೆನ್ನಾಗಿ ಆದರೆ ಸಾಕು, ವಿಮೆ ದಂಡ ಅನ್ನಿಸುತ್ತದೆ.

ಬೋರಿನ ಕತೆ ಬೇರೆ. ಪಕ್ಕದ ಹೊಲದಲ್ಲಿ ಮೂರಿಂಚು ನೀರು ಬಿದ್ದರೆ ಊರಿಗೆ ಊರೇ ನೋಡಲು ಹೋಗುತ್ತದೆ, ಬರೀ ಧೂಳು ಬಂದ ಗುಂಡಿಯನ್ನು ಯಾರೂ ಕರೆದುಕೊಂಡು ಹೋಗಿ ತೋರಿಸುವುದಿಲ್ಲ. ಜೊತೆಗೆ ಆಗಲೇ ಸಾಲದಲ್ಲಿದ್ದಾರೆ. ನಷ್ಟದಲ್ಲಿರುವವರು ಒಂದೇ ಏಟಿಗೆ ಎಲ್ಲ ವಾಪಸ್ ಬರಲಿ ಅಂತ ದೊಡ್ಡ ಪಣಕ್ಕೆ ಇಳಿಯುತ್ತಾರೆ, ಇದೂ ಆ 1979ರ ಲೇಖನದಲ್ಲೇ ಇದೆ. ‘ಮೂರು ಹೋಯಿತು, ನಾಲ್ಕನೇದು ಬಂದೇ ಬರುತ್ತೆ’ ಅನ್ನುವುದಂತೂ ಪೂರ್ತಿ ಉಲ್ಟಾ ಲೆಕ್ಕ. ನಮ್ಮದು ಗಟ್ಟಿ ಕಲ್ಲಿನ ನೆಲ, ಬಿರುಕಿದ್ದ ಕಡೆ ಮಾತ್ರ ನೀರು. ಮೂರು ಕಡೆ ಸಿಗಲಿಲ್ಲ ಅಂದರೆ ಆ ಜಮೀನಿನ ಮೇಲೆ ಭರವಸೆ ಕಡಿಮೆಯಾಗಬೇಕು, ಅಲ್ವಾ?

ಬುದ್ಧಿ ಹೇಳಲು ಹೋಗಬೇಡಿ, ತಮ್ಮಂದಿರು ಕೇಳಿದ್ದುಂಟೇ! ಸುತ್ತಲಿನ ಹೊಲಗಳಲ್ಲಿ ಈಚೆಗೆ ಕೊರೆಸಿದ ಬೋರುಗಳನ್ನೆಲ್ಲ ಇಬ್ಬರೂ ಕೂತು ಪಟ್ಟಿ ಮಾಡಿ, ಫೇಲ್ ಆದದ್ದನ್ನೂ, ಎರಡು ಬೇಸಿಗೆಗೆ ಬತ್ತಿದ್ದನ್ನೂ ಬಿಡದೆ. ಹತ್ತರಲ್ಲಿ ಎಷ್ಟು ಉಳಿಯಿತು ಅಂತ ಅವರ ಕೈಯಲ್ಲೇ ಬರೆಸಿ. ಆಮೇಲೂ ಕೊರೆಸುತ್ತೇನೆ ಅಂದರೆ ಕೊರೆಸಲಿ, ದುಡ್ಡು ಅವರದ್ದು. ಇನ್ನು ವಿಮೆಯ ಮಾತು: ಸರ್ಕಾರದ ಬೆಳೆ ವಿಮೆ ಯೋಜನೆ ಫಸಲ್ ಬಿಮಾದಲ್ಲಿ ಮುಂಗಾರು ಶೇಂಗಾಕ್ಕೆ ರೈತನ ಪಾಲು ವಿಮಾ ಮೊತ್ತದ ನೂರಕ್ಕೆ 2 ಮೀರುವುದಿಲ್ಲ, ಉಳಿದದ್ದನ್ನು ಸರ್ಕಾರಗಳು ಕಟ್ಟುತ್ತವೆ. ಒಬ್ಬರ ಹೊಲವನ್ನಲ್ಲ, ಇಡೀ ಪ್ರದೇಶದ ಇಳುವರಿ ನೋಡಿ ಕೊಡುವುದರಿಂದ ಬೆಳೆ ಹೋದರೂ ಪರಿಹಾರ ಬರದಿರಬಹುದು, ಆ ಸಿಟ್ಟು ನಿಜವೇ. ಆದರೂ ಕೊನೇ ದಿನ ಕಾಯದೆ ಕಟ್ಟಿಸಿ.