‘ನಾವು ಸುಮ್ನೆ ನಕ್ಕಿದ್ದು ಅಷ್ಟೇ, ಮೇಡಂ’

ಈ ಪ್ರಕರಣ ಶುರುವಾಗಿದ್ದು ಪೌಡರ್ ಡಬ್ಬಿಯಿಂದ. ಎರಡು ತಿಂಗಳು ಬರುತ್ತಿದ್ದ ಡಬ್ಬಿ ಹದಿನೈದೇ ದಿನಕ್ಕೆ ಖಾಲಿಯಾಗುತ್ತಿದೆ ಅಂತ ತಾಯಿ ಮಗನನ್ನು ಬೈದರು. ಆಮೇಲೆ ನೋಡಿದರೆ ಅವನು ನಸುಕಿನಲ್ಲೇ ಎದ್ದು, ಒಗೆದಿಟ್ಟ ಯೂನಿಫಾರ್ಮನ್ನು ಮತ್ತೆ ಒಗೆಯುತ್ತಿದ್ದ. ಒದ್ದೆ ಅಂಗಿಯನ್ನೇ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. “ಯಾವುದಾದ್ರೂ ಹುಡುಗಿ ಹಿಂದೆ ಬಿದ್ದಾನೇನ್ರಿ ಮೇಡಂ?” ಅಂತ ಕೇಳಿಕೊಂಡು, ಮಕ್ಕಳ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬಂದರು.

ಹುಡುಗನಿಗೆ ಹದಿಮೂರು ವರ್ಷ, ಎಂಟನೇ ಕ್ಲಾಸು. ಮಂಜು ಅನ್ನೋಣ, ಅದು ಅವನ ಹೆಸರಲ್ಲ. ಅಪ್ಪನಿಗೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಮನೆಯೂ ಅಲ್ಲೇ ಪಕ್ಕದಲ್ಲಿ. ಕ್ಲಾಸಿನಲ್ಲಿ ಅವನ ಹೆಸರು ‘ಹೊಗೆ’. ಅವನು ಒಳಗೆ ಬಂದ ತಕ್ಷಣ ಒಬ್ಬ ಕೆಮ್ಮುತ್ತಾನೆ, ಇನ್ನೊಬ್ಬ ಓಡಿಹೋಗಿ ಕಿಟಕಿ ತೆಗೆಯುತ್ತಾನೆ, ಉಳಿದವರು ನಗುತ್ತಾರೆ. ಜೂನ್‌ನಿಂದ ದೀಪಾವಳಿವರೆಗೆ ದಿನಾ ಇದೇ. ನಮ್ಮ ದಾವಣಗೆರೆಯವರಿಗೆ ಸಂಜೆಯಾದರೆ ಮಂಡಕ್ಕಿ-ಮಿರ್ಚಿ ಬೇಕೇ ಬೇಕು, ಹೊಗೆ ಮಾತ್ರ ಬೇಡ.

“ನಮಗೂ ಅಡ್ಡಹೆಸರು ಇದ್ವು ಬಿಡ್ರಿ, ನಾವೇನು ಸತ್ತೋದ್ವಾ?” ಅಂದರು ಅಪ್ಪ. ಈ ಮಾತು ವಾರಕ್ಕೊಂದು ಸಲವಾದರೂ ನನ್ನ ಕಿವಿಗೆ ಬೀಳುತ್ತದೆ. ಅಡ್ಡಹೆಸರೆಲ್ಲಾ ಕಾಟವಲ್ಲ, ಒಪ್ಪುತ್ತೇನೆ. ನಾರ್ವೆಯಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೆಯಸ್ ಶಾಲೆಯ ಕಾಟಕ್ಕೆ ಮೂರು ಗುರುತು ಹೇಳಿದ್ದರು: ಬೇಕಂತಲೇ ಮಾಡಬೇಕು, ಪದೇ ಪದೇ ಮಾಡಬೇಕು, ಎದುರಿನ ಮಗುವಿಗೆ ತಿರುಗಿ ನಿಲ್ಲುವಷ್ಟು ಬಲ ಇರಬಾರದು. ಮಕ್ಕಳ ಹತ್ತಿರ ನಾನು ಇದನ್ನು ಎರಡೇ ಪ್ರಶ್ನೆ ಮಾಡಿಕೊಂಡಿದ್ದೇನೆ. ‘ಸಾಕು’ ಅಂದರೆ ನಿಲ್ಲಿಸುತ್ತಾರಾ? ಅವನೂ ನಿಮಗೆ ಹಾಗೇ ಅನ್ನಬಹುದಾ? ಮಂಜುವಿನ ಕ್ಲಾಸಿನಲ್ಲಿ ಎರಡಕ್ಕೂ ಉತ್ತರ ‘ಇಲ್ಲ’.

ಶಾಲೆಯವರು ಕೆಟ್ಟವರಲ್ಲ. ಕೆಮ್ಮುವ ಹುಡುಗನನ್ನು ಪ್ರಾರ್ಥನೆಯಲ್ಲಿ ನಿಲ್ಲಿಸಿ ‘ಸಾರಿ’ ಹೇಳಿಸುತ್ತೇವೆ, ಇಬ್ಬರಿಗೂ ಕೈ ಕುಲುಕಿಸುತ್ತೇವೆ ಅಂದರು. ಬೇಡ ಅಂದೆ. ಹೆಡ್‌ಮಾಸ್ಟರ್‌ಗೆ ಸಿಟ್ಟು ಬಂತು. ‘ಶಿಕ್ಷೆ ಇಲ್ಲದೆ ಬುದ್ಧಿ ಬರುತ್ತಾ ಮೇಡಂ? ನೀವು ಅವನ ಪರಾನಾ?’ ತಾಯಿಯೂ ಮುಖ ತಿರುಗಿಸಿದರು. ನನ್ನ ಕಾರಣ ಇಷ್ಟೇ. ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ರಾಜಿಗೆ ನಾನೇ ತಲೆಯಾಡಿಸಿದ್ದೆ. ಎಲ್ಲರ ಮುಂದೆ ಕೈ ಕುಲುಕಿದರು, ಚಪ್ಪಾಳೆಯೂ ಬಿತ್ತು. ಅದೇ ಸಂಜೆ ಸೈಕಲ್ ಸ್ಟ್ಯಾಂಡ್ ಹತ್ತಿರ ಅದೇ ಕೈಯನ್ನು ಹಿಡಿದು ತಿರುಚಿದ್ದರು. ಆ ಮಗು ಆಮೇಲೆ ನನಗೂ ಏನೂ ಹೇಳಲಿಲ್ಲ. ಸರಿಸಮ ಇರುವವರ ಜಗಳಕ್ಕೆ ರಾಜಿ ಸರಿ. ಒಬ್ಬ ಕಾಡುವವ, ಇನ್ನೊಬ್ಬ ಸಹಿಸುವವ ಆಗಿದ್ದಾಗ ರಾಜಿ ಅಂದರೆ ಸಹಿಸುವವನೇ ಇನ್ನೊಂದು ಸಲ ಸಹಿಸಬೇಕು.

ಮನೆಯಲ್ಲಿ ಹೊಡೆತ ತಿಂದವನೇ ಶಾಲೆಯಲ್ಲಿ ಕಾಡುತ್ತಾನೆ ಅನ್ನುವ ಕಥೆಯೂ ಇಲ್ಲಿ ಹೊಂದಲಿಲ್ಲ. ಕೆಮ್ಮುವ ಹುಡುಗನ ಮನೆ ಚೆನ್ನಾಗಿತ್ತು, ಆಟದಲ್ಲೂ ಪಾಠದಲ್ಲೂ ಮುಂದೆ. ಅವನಿಗೆ ಸಿಗುತ್ತಿದ್ದದ್ದು ನಗು. ಹಾಗಾಗಿ ನನಗೆ ನಗುವವರು ಬೇಕಿತ್ತು.

ನಾಲ್ವರನ್ನು ಲೈಬ್ರರಿ ಕೋಣೆಗೆ ಕರೆಸಿದೆ. ಪೇಪರ್ ಹಾಸಿ ಮಂಡಕ್ಕಿ, ಶೇಂಗಾ ಸುರಿದೆ. ತಿನ್ನೋಕೆ ಮೊದಲು ಒಂದು ಕೆಲಸ ಮಾಡ್ರಪ್ಪಾ, ಮಂಜು ಕ್ಲಾಸಿಗೆ ಬಂದಾಗ ಯಾರ್ ಎಲ್ಲಿರ್ತೀರಿ, ಮಂಡಕ್ಕೀಲಿ ತೋರಿಸಿ ಅಂದೆ. ನಕ್ಕರು. ಆಮೇಲೆ ಶುರು ಮಾಡಿದರು. ಮಧ್ಯೆ ಒಂದು ಕಾಳು, ಅದು ಮಂಜು. ಕೆಮ್ಮುವವನಿಗೆ ಒಂದು ಶೇಂಗಾ. ಕಿಟಕಿ ತೆಗೆಯುವವನು ಪಕ್ಕದಲ್ಲಿ. ನಗುವವರದ್ದು ಒಂದು ಸಾಲು, ಏಳೋ ಎಂಟೋ. ಮಿಕ್ಕಿದ್ದೆಲ್ಲಾ ಒಂದು ಗುಡ್ಡೆ, ‘ಅವ್ರು ಸುಮ್ನೆ ನೋಡ್ತಾರೆ’.

ಒಬ್ಬ ಹುಡುಗ ತನ್ನ ಕಾಳನ್ನು ಸಾಲಿನಿಂದ ಒಂದು ಬೆರಳಷ್ಟು ದೂರ ಸರಿಸಿದ.

“ನೀನು ನಗಲ್ವಾ?”

“ನಗ್ತೀನಿ ಮೇಡಂ. ಆದ್ರೆ ಸೌಂಡ್ ಬರಲ್ಲ.”

“ನಾವು ಸುಮ್ನೆ ನಕ್ಕಿದ್ದು ಅಷ್ಟೇ, ಮೇಡಂ,” ಅಂದ ಇನ್ನೊಬ್ಬ. “ಹೆಸರಿಟ್ಟಿದ್ದು ನಾವಲ್ಲ.”

ನಾನು ಆ ನಗುವ ಸಾಲನ್ನು ಅಂಗೈಯಲ್ಲಿ ಬಳಿದು ತೆಗೆದೆ. ಈಗ ಈ ಶೇಂಗಾ ಏನ್ ಮಾಡ್ತಾನೆ? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. “ಇನ್ನೊಂದ್ಸಲ ಕೆಮ್ಮುತಾನೆ. ಆಮೇಲೆ ಸುಮ್ನಾಗ್ತಾನೆ.”

ಕೆನಡಾದ ಟೊರಾಂಟೊ ಶಾಲೆಗಳಲ್ಲಿ ಕ್ಯಾಮೆರಾ, ಮೈಕ್ ಇಟ್ಟು ನಡೆಸಿದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ನೋಡುತ್ತಿದ್ದ ಮಕ್ಕಳು ಮಧ್ಯೆ ಬಂದಿದ್ದೇ ಅಪರೂಪ. ಬಂದಾಗ ಮಾತ್ರ ಅರ್ಧಕ್ಕಿಂತ ಜಾಸ್ತಿ ಸಲ 10 ಸೆಕೆಂಡಿನೊಳಗೆ ಕಾಟ ನಿಂತಿತ್ತು. ನಾನು ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದನ್ನೇ ಈ ಹುಡುಗರು ಮಂಡಕ್ಕಿಯಲ್ಲಿ ತೋರಿಸಿಬಿಟ್ಟರು.

ಆದರೆ ನನ್ನನ್ನು ನಿಲ್ಲಿಸಿದ್ದು ಆಮೇಲಿನ ಮಾತು. ಮೂವರು ಹೋದರು. ಸೌಂಡ್ ಇಲ್ಲದೆ ನಗುವ ಹುಡುಗ ಪೇಪರ್ ಮಡಚುವ ನೆಪದಲ್ಲಿ ಉಳಿದುಕೊಂಡ. “ನಗದಿದ್ರೆ ನನಗೂ ಹೆಸರಿಡ್ತಾರೆ ಮೇಡಂ. ನಮ್ಮಪ್ಪ ಏನ್ ಕೆಲಸ ಮಾಡ್ತಾರೆ ಅಂತ ಕ್ಲಾಸಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ.” ಏನು ಕೆಲಸ ಅಂತ ನನಗೆ ಹೇಳಿದ. ಇಲ್ಲಿ ಬರೆಯುವುದಿಲ್ಲ.

ಇಂಥ ಹುಡುಗನಿಗೆ ‘ಎದ್ದು ನಿಂತು ಎದುರಿಸು’ ಅಂತ ಹೇಗೆ ಹೇಳಲಿ? ಹೇಳಲಿಲ್ಲ. ಅವನಿಗೂ ಉಳಿದವರಿಗೂ ಸಣ್ಣ ಸಣ್ಣ ಕೆಲಸ ಕೊಟ್ಟೆ. ಕೆಮ್ಮು ಕೇಳಿದಾಗ ತಲೆ ಎತ್ತಬೇಡ, ಬ್ಯಾಗಲ್ಲಿ ಏನಾದ್ರೂ ಹುಡುಕು. ಮಂಜುವನ್ನು ಹೆಸರು ಹಿಡಿದು ಕರೆದು ಸ್ಕೇಲ್ ಕೇಳು. ಊಟದ ಬಿಡುವಿನಲ್ಲಿ ಅವನ ಜೊತೆ ನಲ್ಲಿ ತನಕ ಹೋಗು. ಜಾಸ್ತಿಯಾದರೆ ಕ್ಲಾಸ್ ಟೀಚರ್‌ಗೆ ಹೇಳು. “ಚಾಡಿ ಆಗಲ್ವಾ ಮೇಡಂ?” ಅಂದ. ಕೆರೆಗೆ ಬಿದ್ದವನನ್ನು ಎತ್ರೋ ಅಂತ ಕೂಗಿದ್ರೆ ಅದನ್ನ ಚಾಡಿ ಅಂತಾರೇನೋ ಅಂದೆ.

ಕೆಮ್ಮುವ ಹುಡುಗನನ್ನು ಬೇರೆಯಾಗಿ, ಒಬ್ಬನನ್ನೇ ಕರೆಸಿದೆ. ಏನು ನಡೆದಿದೆ ಗೊತ್ತು, ನಾಳೆಯಿಂದ ನಿಲ್ಲಬೇಕು, ಮುಂದಿನ ವಾರ ಮತ್ತೆ ಕರೆಸುತ್ತೇನೆ ಅಂದೆ. ಕರೆಸಿದೆ ಕೂಡ. ಹಾಗೆ ಮತ್ತೆ ಕರೆಸದೇ ಹೋದರೆ ಮೊದಲ ಮಾತಿಗೆ ಬೆಲೆ ಇಲ್ಲ.

ಇನ್ನೊಂದು ಕಷ್ಟದ ಮಾತು ಉಳಿದಿತ್ತು. ಆಟದ ಮೇಷ್ಟ್ರೂ ಮಂಜುವನ್ನು ‘ಏ ಹೊಗೆ, ಬಾಲ್ ತಗೊಂಬಾರೋ’ ಅಂತಲೇ ಕರೆಯುತ್ತಿದ್ದರು. ಪ್ರೀತಿಯಿಂದಲೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ ಅಂತ ಅವರಿಗೆ ಹೇಳಬೇಕಾಯಿತು. ಸಿಟ್ಟಾದರು. ನಾನು ಕೂತಿದ್ದ ಲೈಬ್ರರಿಗೆ ಆಮೇಲೆ ಎರಡು ವಾರ ಚಹಾ ಬರಲಿಲ್ಲ.

ತಾಯಿಗೆ ಹೇಳಿದ್ದು: ದಿನಾಂಕ ಹಾಕಿ ಬರೆದಿಡಿ, ಯಾವ ದಿನ ಏನಾಯಿತು ಅಂತ. ಕ್ಲಾಸ್ ಟೀಚರ್ ಹತ್ತಿರ ಬರೀ ಬಾಯಿಮಾತಲ್ಲಿ ಹೇಳಬೇಡಿ, ಬರೆದು ಕೊಡಿ. ಹೊಡೆತ, ಜಾತಿ ಹಿಡಿದು ಬೈಯುವುದು, ಮೈ ಮುಟ್ಟುವುದು, ಫೋಟೋ ಹರಿಬಿಡುವುದು ಇದ್ದರೆ ಆಪ್ತಸಲಹೆಗೆ ಕಾಯುವ ಮಾತೇ ಇಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಮಂಜುಗೆ ‘ತಲೆ ಕೆಡಿಸ್ಕೋಬೇಡ’ ಅನ್ನಲಿಲ್ಲ. ಅಪ್ಪನ ದುಡಿಮೆಯ ದೊಡ್ಡತನದ ಬಗ್ಗೆ ಭಾಷಣವನ್ನೂ ಮಾಡಲಿಲ್ಲ. ಎರಡನೇ ಸಲ ಅಂಗಿ ಒಗೆಯೋದು ಬಿಡು, ನೆಗಡಿ ಆಗುತ್ತೆ, ತಪ್ಪು ನಿನ್ನ ಅಂಗೀದಲ್ಲ ಅಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಅಪ್ಪಂಗೆ ಬುತ್ತಿ ಕೊಡಕ್ಕೆ ನಾನೇ ಹೋಗ್ತಿದ್ದೆ. ಈಗ ಹೋಗಲ್ಲ. ಯಾರಾದ್ರೂ ನೋಡ್ತಾರೆ,” ಅಂದ. ಇಷ್ಟು ತಿಂಗಳ ಕಾಟದಲ್ಲಿ ಅವನಾಗೇ ನನಗೆ ಹೇಳಿದ್ದು ಇದೊಂದೇ.

ಸಂಕ್ರಾಂತಿ ಹೊತ್ತಿಗೆ ಕೆಮ್ಮು ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಆಟದ ಮೇಷ್ಟ್ರು ಈಗಲೂ ‘ಏ ಹೊ...’ ಅಂತ ಶುರು ಮಾಡಿ ನಿಲ್ಲಿಸುತ್ತಾರಂತೆ. ಅಂಗಿ ಒಂದೇ ಸಲ ಒಗೆಯುತ್ತಾನೆ ಅಂದರು ತಾಯಿ. ಭಟ್ಟಿಗೆ ಬುತ್ತಿ ಒಯ್ಯುವುದು ಇನ್ನೂ ತಂಗಿಯೇ. ಅದರ ಬಗ್ಗೆ ನಾನು ಅವನನ್ನು ಕೇಳಿಲ್ಲ.