ಯೂರಿಯಾ ಬಿಟ್ಟ ಮೇಲೆ ಲಾನ್ ಹಳದಿ ಆಗೋಯ್ತು, ಏನ್ಮಾಡ್ಲಿ?

ಪ್ರಶ್ನೆ: ಮೇಡಂ ನಮಸ್ತೆ. ಮೈಸೂರಲ್ಲಿ ನಮ್ಮನೆ ಮುಂದೆ 30 ಅಡಿಗೆ 20 ಅಡಿ ಲಾನ್ ಇದೆ. ಎಂಟು ವರ್ಷದಿಂದ ಮಾಲಿ ತಿಂಗಳಿಗೊಂದ್ಸಲ ಬಂದು ಅರ್ಧ ಕೇಜಿ ಯೂರಿಯಾ ಎರಚಿ, ಆಗಾಗ ಕಳೆಗೆ ಒಂದು ಹುಳಕ್ಕೆ ಒಂದು ಅಂತ ಏನೋ ಹೊಡೆದು ಹೋಗ್ತಿದ್ದ. ಮೊಮ್ಮಗಳು ಅಂಬೆಗಾಲಿಡೋಕೆ ಶುರು ಮಾಡಿದಾಳೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಅದಕ್ಕೇ ಯುಗಾದಿ ಆದ್ಮೇಲೆ ಅದೆಲ್ಲ ನಿಲ್ಲಿಸಿ ಐದು ಕೇಜಿ ಎರೆಗೊಬ್ಬರ ಹಾಕಿದೆ. ಈಗ ಗಣೇಶನ ಹಬ್ಬ ಹತ್ರ ಬಂತು, ಹುಲ್ಲು ಹಳದಿ, ಎಲ್ಲಿ ನೋಡಿದ್ರೂ ಜೇಕು, ಒಂದು ಮೂಲೇಲಿ ಹಿಡಿದೆಳೆದ್ರೆ ಚಾಪೆ ಥರ ಎದ್ದು ಬರುತ್ತೆ. ಮಾಲಿ ನಗ್ತಾನೆ, "ಸಾವಯವ ಎಲ್ಲ ಟೀವೀಲಿ ನೋಡಕ್ ಚೆಂದ ಅಮ್ಮಾ" ಅಂತಾನೆ. ವಾಪಸ್ ಯೂರಿಯಾಗೆ ಹೋಗ್ಲಾ?

ಉತ್ತರ: ಬೇಡಮ್ಮಾ, ಹೋಗ್ಬೇಡಿ. ಆದ್ರೆ ಮಾಲಿ ನಗೋದ್ರಲ್ಲೂ ಸ್ವಲ್ಪ ನ್ಯಾಯ ಇದೆ, ಯಾಕೆ ಅಂತ ಲೆಕ್ಕ ನೋಡಿ. ಯೂರಿಯಾದಲ್ಲಿ ಸಾರಜನಕ 46%, ಅಂದ್ರೆ ಅವನು ತಿಂಗಳಿಗೆ ಎರಚ್ತಿದ್ದ ಅರ್ಧ ಕೇಜೀಲಿ 230 ಗ್ರಾಂ. ಎರೆಗೊಬ್ಬರದಲ್ಲಿ ಒಂದೂವರೆ ಪರ್ಸೆಂಟ್ ಇದ್ರೆ ಅದೇ ಹೆಚ್ಚು, ಅಷ್ಟೇ ಸಾರಜನಕ ಬೇಕು ಅಂದ್ರೆ 15 ಕೇಜಿ ಬೇಕಾಗುತ್ತೆ. ನೀವು ಐದು ತಿಂಗಳಲ್ಲಿ ಕೊಟ್ಟಿದ್ದು 75 ಗ್ರಾಂ. ಎಂಟು ವರ್ಷ ದಿನಾ ಹಬ್ಬದೂಟ ಹಾಕಿ ಇದ್ದಕ್ಕಿದ್ದಂಗೆ ಉಪವಾಸ ಕೆಡವಿದಂಗಾಯ್ತು. ಅದೂ ಬೇಸಿಗೆ ಶುರುವಾಗೋ ಹೊತ್ತಲ್ಲಿ. ಯೂರಿಯಾ ಕುಡಿದು ಬೆಳೆದ ಹುಲ್ಲಿಗೆ ಬೇರು ಮೇಲ್ಮೇಲೇ ಇರುತ್ತೆ, ಕೆಳಗಿನ ಮಣ್ಣಲ್ಲಿ ಜೀವ ಇರಲ್ಲ, ಹಾಕಿದ ಗೊಬ್ಬರನ ಕೊಳೆಸಿ ಬೇರಿಗೆ ಕೊಡೋಕೆ ಅಲ್ಲಿ ಯಾರೂ ಇಲ್ಲ ಅಂದ್ಕೊಳಿ. ಒಂದು ಹಳೇ ಸ್ಕ್ರೂಡ್ರೈವರ್ ತಗೊಂಡು, ಮಳೆ ಬಂದ ಮಾರನೇ ದಿನ ಲಾನ್‌ಗೆ ಚುಚ್ಚಿ ನೋಡಿ. ಎರಡು ಇಂಚಿಗೇ ಟಕ್ ಅಂತ ನಿಂತ್ರೆ ನಿಮ್ಮ ತೊಂದ್ರೆ ಹುಲ್ಲಿಂದಲ್ಲ, ಮಣ್ಣಿಂದು.

ಈಗ ಮಾಡ್ಬೇಕಾದ್ದು: ತೋಟದ ಫೋರ್ಕಲ್ಲಿ ಅಡಿಗೊಂದು ಕಡೆ ಚುಚ್ಚಿ ಒಂಚೂರು ಅಲ್ಲಾಡ್ಸಿ, ಮಣ್ಣು ಸಡಿಲ ಆಗ್ಲಿ. ಆಮೇಲೆ 15 ಕೇಜಿ ಎರೆಗೊಬ್ಬರ, ಎರಡು ಕೇಜಿ ಬೇವಿನ ಹಿಂಡಿ ಇಲ್ಲಾ ಹೊಂಗೆ ಹಿಂಡಿ, ಜೊತೆಗೆ ಒಂದೆರಡು ಮಂಕರಿ ಕೆಮ್ಮಣ್ಣು ಸೇರಿಸಿ ಜರಡಿ ಹಿಡಿದು ತೆಳ್ಳಗೆ ಹರಡಿ, ಹುಲ್ಲಿನ ತುದಿ ಕಾಣ್ತಿರ್ಬೇಕು. ಪೊರಕೇಲಿ ಒಂದ್ಸಲ ಆಡ್ಸಿ ನೀರು ಬಿಡಿ. ಈಗೊಂದ್ಸಲ, ಅಕ್ಟೋಬರ್ ಕೊನೇಲಿ ಒಂದ್ಸಲ, ಮತ್ತೆ ಮುಂದಿನ ಜೂನ್‌ನಲ್ಲಿ. ಕಡಲೆಕಾಯಿ ಹಿಂಡೀಲಿ ಸಾರಜನಕ ಇನ್ನೂ ಜಾಸ್ತಿ, ಆದ್ರೆ ಇರುವೆ ಇಲಿ ಬೀದಿನಾಯಿ ಎಲ್ಲಾ ಊಟಕ್ಕೆ ಬರ್ತವೆ, ನಾನಂತೂ ಬಿಟ್ಟೆ. ಇನ್ನೊಂದು ಮಾತು, ಹರಳು ಹಿಂಡಿ ಮಾತ್ರ ಯಾರು ಎಷ್ಟೇ ಅಗ್ಗಕ್ಕೆ ಕೊಟ್ರೂ ತರ್ಬೇಡಿ, ಅದರಲ್ಲಿ ರಿಸಿನ್ ಅನ್ನೋ ವಿಷ ಇರುತ್ತೆ, ನಾಯಿ ತಿಂದ್ರೆ ಸತ್ತೇ ಹೋಗ್ಬಹುದು, ಮಗು ಓಡಾಡೋ ಜಾಗಕ್ಕಂತೂ ಬೇಡ್ವೇ ಬೇಡ. ಚೀಲದ ಮೇಲೆ ಸಾವಯವ ಅಂತ ಬರೆದಿದ್ದೆಲ್ಲ ಬಾಯಿಗೆ ಹೋದ್ರೂ ಪರವಾಗಿಲ್ಲ ಅಂತೇನಲ್ಲ.

ತಿಪ್ಪೆಗೊಬ್ಬರ ಸಿಗುತ್ತೆ ಅಂತ ಆಸೆ ಪಡ್ಬೇಡಿ. ಮೊದಲ ವರ್ಷ ನಾನು ಊರಿಂದ ಟೆಂಪೋಲಿ ತರಿಸಿದ್ದೆ, ಕೈ ಹಾಕಿದ್ರೆ ಒಳಗೆ ಇನ್ನೂ ಬೆಚ್ಚಗಿತ್ತು, ಅಂದ್ರೆ ಕಳಿತಿರ್ಲಿಲ್ಲ, ಗೊತ್ತಿದ್ದೂ ಆತುರಕ್ಕೆ ಹರಡಿದೆ. ಆರು ವಾರಕ್ಕೆ ಲಾನ್ ತುಂಬಾ ಕಾಂಗ್ರೆಸ್ ಗಿಡ, ಮಧ್ಯ ಮಧ್ಯ ರಾಗಿ ಪೈರು ಬೇರೆ! ಜೊತೆಗೆ ಹೆಬ್ಬೆರಳು ದಪ್ಪದ ಗೊಣ್ಣೆ ಹುಳ.

ಹುಳ ಅಂದ್ರೆ ನೆನಪಾಯ್ತು, ನಿಮ್ಮ ಮೂಲೆ ಚಾಪೆ ಥರ ಎದ್ದು ಬರ್ತಿದೆ ಅಂದ್ರಲ್ಲ, ಅದು ಹಸಿವಲ್ಲ, ಗೊಣ್ಣೆ ಹುಳ ಬೇರು ತಿಂದಿರೋದು. ಒಂದಡಿ ಉದ್ದ ಅಗಲ ಕತ್ತರಿಸಿ ಮಗುಚಿ ಎಣಿಸಿ. ಬಿಳೀ ಮೈ, ಕಂದು ತಲೆ, ಮುಟ್ಟಿದ್ರೆ ಮುದುರ್ಕೊಳ್ಳುತ್ತೆ. ಒಂದೆರಡು ಇದ್ರೆ ಬಿಟ್ಬಿಡಿ, ಐದಾರಕ್ಕಿಂತ ಜಾಸ್ತಿ ಇದ್ರೆ ಆ ಮೂಲೆ ಕೆದಕಿ ಬೆಳಗ್ಗೆ ಬಿಟ್ಟು ಬನ್ನಿ, ಗೊರವಂಕ ಬಂದು ಆರಿಸ್ಕೊಂಡು ತಿಂತವೆ. ಆಮೇಲೆ ಮೆಟರೈಜಿಯಂ ಅನ್ನೋ ಶಿಲೀಂಧ್ರದ ಪುಡಿ ಬರುತ್ತೆ, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇಲ್ಲಾ ಗೊಬ್ಬರದ ಅಂಗಡೀಲಿ ವಿಚಾರಿಸಿ. ಅದನ್ನ ಒದ್ದೆ ಎರೆಗೊಬ್ಬರಕ್ಕೆ ಕಲೆಸಿ ಒಂದು ವಾರ ನೆರಳಲ್ಲಿಟ್ಟು ಸಂಜೆ ಹೊತ್ತು ಹಾಕ್ಬೇಕು, ಬಿಸಿಲು ಬಿದ್ರೆ ಅದು ಸಾಯುತ್ತೆ. ಮುಂದಿನ ವರ್ಷ ಮುಂಗಾರು ಮುಂಚಿನ ಮಳೆ ಬಿದ್ದ ಸಂಜೆ ಬೇವಿನ ಮರದ ಹತ್ರ, ಲೈಟ್ ಹತ್ರ ಕಂದು ಜೀರುಂಡೆ ಬರ್ತವಲ್ಲ, ಗೊಣ್ಣೆ ಹುಳದ ಅಪ್ಪ ಅಮ್ಮ ಅವೇ, ಸೋಪಿನ ನೀರಿನ ಬಕೆಟ್‌ಗೆ ಹಾಕಿದ್ರೆ ಅರ್ಧ ಕೆಲಸ ಮುಗೀತು. ಮಾಲಿ ಹುಳಕ್ಕೆ ಅಂತ ಎರಚ್ತಿದ್ದಿದ್ದು ಗಬ್ಬು ನಾರೋ ಸಣ್ಣ ಕಾಳಿನ ಥರದ್ದಾಗಿದ್ರೆ ಅದು ಫೋರೇಟ್ ಅನ್ನೋ ವಿಷ ಇರ್ಬಹುದು, ಅದನ್ನ 2020ರ ಡಿಸೆಂಬರ್ 31ರಿಂದ ದೇಶದಲ್ಲೇ ನಿಷೇಧ ಮಾಡಿದಾರೆ, ಶೆಡ್‌ನಲ್ಲಿ ಹಳೇ ಪ್ಯಾಕೆಟ್ ಉಳಿದಿದ್ಯಾ ಅಂತ ಇವತ್ತೇ ನೋಡಿ.

ಜೇಕಿಗೆ ನನ್ ಹತ್ರ ಮಂತ್ರ ಇಲ್ಲ. ವಿನೆಗರ್ ಹೊಡೀರಿ ಅಂತಾರೆ, ಮೇಲಿನ ಎಲೆ ಸುಡುತ್ತೆ, ಪಕ್ಕದ ಹುಲ್ಲೂ ಸುಡುತ್ತೆ, ಕೆಳಗಿನ ಗಡ್ಡೆ ಆರಾಮಾಗಿ ಮತ್ತೆ ಚಿಗುರುತ್ತೆ. ಮಳೆ ಬಂದಾದ್ಮೇಲೆ ಅದೇ ಸ್ಕ್ರೂಡ್ರೈವರ್ ತಗೊಂಡು ಗಡ್ಡೆ ಸಮೇತ ಎಬ್ಬಿಸಿ, ಹದಿನೈದು ದಿನಕ್ಕೊಂದ್ಸಲ, ಎರಡು ವರ್ಷ. ಬೇಜಾರಿನ ಕೆಲಸ, ನಿಜ. ಜೊತೆಗೆ ಮಾಲಿಗೆ ಹೇಳಿ ಹುಲ್ಲನ್ನ ಕ್ಷೌರ ಮಾಡ್ದಂಗೆ ಬೋಳಿಸೋದು ನಿಲ್ಲಿಸಿ, ಎರಡು ಇಂಚು ಬಿಡ್ಲಿ, ಒಂದ್ಸಲಕ್ಕೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕತ್ತರಿಸ್ಬಾರ್ದು. ನೆರಳು ಬಿದ್ರೆ ಕಳೆ ಬೀಜ ಮೊಳೆಯೋದು ಕಮ್ಮಿ. ಕತ್ತರಿಸಿದ್ದನ್ನ ಗುಡಿಸಿ ಚೀಲ ತುಂಬಿಸಿ ಕಸದ ಗಾಡಿಗೆ ಕೊಡ್ಬೇಡಿ, ಅಲ್ಲೇ ಬಿದ್ದಿರ್ಲಿ, ಅದೇ ಪುಕ್ಕಟೆ ಸಾರಜನಕ.

ಜೀವಾಮೃತ ಬೇಕಾದ್ರೆ ಮಾಡಿ. ಒಂದು ಕೇಜಿ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಹುರುಳಿ ಹಿಟ್ಟು, ಒಂದು ಹಿಡಿ ಮಣ್ಣು, 20 ಲೀಟರ್ ನೀರಲ್ಲಿ ಎರಡು ದಿನ ನೆರಳಲ್ಲಿಟ್ಟು ತಿರುವ್ತಾ ಇದ್ದು, ಸೋಸಿ ಹತ್ತು ಪಟ್ಟು ನೀರು ಬೆರೆಸಿ ಹಾಕೋದು. ಮಣ್ಣಿಗೆ ಒಳ್ಳೇದು, ಆದ್ರೆ ಅದೊಂದರಲ್ಲೇ ಹೊಟ್ಟೆ ತುಂಬಲ್ಲ. ಮಗು ಆಡೋ ಜಾಗ ಆದ್ರಿಂದ ಹಾಕಿದ ಮೇಲೆ ಒಂದು ವಾರ ಅವಳನ್ನ ಅಲ್ಲಿ ಬಿಡ್ಬೇಡಿ, ಹಸಿ ಸಗಣಿ ಅಲ್ವಾ.

ಪ್ರಶ್ನೆ: ಬೆಂಗಳೂರಲ್ಲಿ ಲಾನ್‌ಗೆ ನೀರು ಹಾಕೋದೇ ಅಪರಾಧ ಆಗಿರುವಾಗ ಸಾವಯವ ಮಾಡಿ ಏನು ಪ್ರಯೋಜನ?

ಉತ್ತರ: 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯೋ ನೀರನ್ನ ಗಾರ್ಡನ್‌ಗೆ ಹಾಕಿದ್ರೆ 5,000 ರೂಪಾಯಿ ದಂಡ ಅಂದಿದ್ದನ್ನ ಹೇಳ್ತಿದೀರಾ ಅನ್ಸುತ್ತೆ. ಪ್ರಯೋಜನ ಇದೆ, ಗೊಬ್ಬರ ತಿಂದ ಮಣ್ಣು ನೀರು ಹಿಡ್ಕೊಳ್ಳುತ್ತೆ, ದಿನಾ ಚಿಮುಕಿಸೋ ಬದಲು ವಾರಕ್ಕೆರಡು ಸಲ ಚೆನ್ನಾಗಿ ನೆನೆಸಿದ್ರೆ ಬೇರು ಕೆಳಗಿಳಿಯುತ್ತೆ. ಅಪಾರ್ಟ್‌ಮೆಂಟ್ ಆದ್ರೆ ಎಸ್‌ಟಿಪಿ ನೀರು, ಅಂದ್ರೆ ಅಲ್ಲೇ ಶುದ್ಧ ಮಾಡಿದ ಕೊಳಚೆ ನೀರು ಬಳಸಿ. ಇನ್ನೂ ಒಂದು: ನರ್ಸರೀಲಿ ಬರ್ಮುಡಾ ಅಂತ ದುಡ್ಡು ಕೊಟ್ಟು ತರ್ತೀರಲ್ಲ, ಅದು ನಮ್ಮ ಗಣೇಶನ ಗರಿಕೇನೇ! ಬೇಸಿಗೇಲಿ ನೀರಿಲ್ದೆ ಕಂದು ಬಣ್ಣಕ್ಕೆ ತಿರುಗಿದ್ರೂ ಸಾಯಲ್ಲ, ಮಳೆ ಬಿದ್ರೆ ಎದ್ದು ಕೂರುತ್ತೆ. ಎರಡು ತಿಂಗಳು ಕಂದಾಗಿರ್ಲಿ ಬಿಡಿ, ಯಾರಿಗೇನು ನಷ್ಟ?

ಪ್ರಶ್ನೆ: ಅಕ್ಕಾ, ನಾವು ನ್ಯೂಜೆರ್ಸೀಲಿ ಇದೀವಿ. ಇಲ್ಲೂ ಬೇವಿನ ಹಿಂಡಿ, ಜೀವಾಮೃತ ಮಾಡ್ಬಹುದಾ?

ಉತ್ತರ: ಅಲ್ಲಿ ಗಂಜಲ ಹುಡುಕ್ಕೊಂಡು ಹೋಗೋದು ಬೇಡಪ್ಪಾ. ನಿಮ್ಮಲ್ಲಿರೋದು ಚಳಿ ಹುಲ್ಲು, ಫೆಸ್ಕ್ಯೂ ಬ್ಲೂಗ್ರಾಸ್ ಥರದ್ದು, ಅದರ ಸುಗ್ಗಿ ಸೆಪ್ಟೆಂಬರ್. ಆಗ ಕಾಂಪೋಸ್ಟ್ ತೆಳ್ಳಗೆ ಹರಡಿ ಮೇಲೆ ಬೀಜ ಚೆಲ್ಲಿ, ಜೊತೆಗೆ ಒಂಚೂರು ಬಿಳಿ ಕ್ಲೋವರ್ ಬೀಜ. ಅದು ನಮ್ಮ ಹುರುಳಿ ಅಲಸಂದೆ ಕುಲದ್ದೇ, ಗಾಳೀಲಿರೋ ಸಾರಜನಕನ ತಾನೇ ಹಿಡಿಯುತ್ತೆ. ಹಿಂದೆ ಅಲ್ಲಿನ ಲಾನ್‌ಗಳಲ್ಲಿ ಇದ್ದೇ ಇರ್ತಿತ್ತು, ಅಗಲ ಎಲೆ ಕಳೆ ಕೊಲ್ಲೋ 2,4-ಡಿ ಬಂದ ಮೇಲೆ ಅದಕ್ಕೂ ಕಳೆ ಅಂತ ಹೆಸರು ಬಿತ್ತು. ನಿಮ್ಮ ರಾಜ್ಯದ 2011ರ ಕಾನೂನಲ್ಲಿ ನವೆಂಬರ್ 15ರಿಂದ ಮಾರ್ಚ್ 1ರವರೆಗೆ ಮನೆಯವರು ಲಾನ್‌ಗೆ ರಸಗೊಬ್ಬರ ಹಾಕೋ ಹಾಗಿಲ್ಲ, ಗೊತ್ತಿರ್ಲಿ. ಕ್ಲೋವರ್ ಹೂ ಬಿಟ್ಟಾಗ ಜೇನು ಬರುತ್ತೆ, ಮಕ್ಕಳನ್ನ ಬರಿಗಾಲಲ್ಲಿ ಬಿಡೋ ಮುಂಚೆ ಒಂದ್ಸಲ ಮಷೀನ್ ಓಡ್ಸಿ.